ಪಕ್ಕದ ಸೈಟಿನ ಕಟ್ಟಡವನ್ನು ಪ್ರಶ್ನಿಸುವ ಹಕ್ಕಿದೆ, ಟೈಮ್ ಮಾತ್ರ ಇಲ್ಲ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಗ ಇದು ಮಾಮೂಲಿ. ಒಂಟಿ ಮನೆಯೊಂದು ಉರುಳುತ್ತದೆ. ಸೈಟಿನ ಸುತ್ತ ತಗಡಿನ ಶೀಟು ಏಳುತ್ತದೆ. ಎಷ್ಟು ಮಹಡಿ ಬರುತ್ತೆ ಅಂತ ಅಕ್ಕಪಕ್ಕದವರು ಕೇಳಿದರೆ ಮೇಸ್ತ್ರಿಗೆ ಗೊತ್ತಿರುವುದಿಲ್ಲ, ಇಂಜಿನಿಯರ್ ಸಿಗುವುದಿಲ್ಲ. ಮೂರನೇ ಮಹಡಿಯ ಮೋಲ್ಡ್ ಆದಾಗ ಇದು ಅಪಾರ್ಟ್‌ಮೆಂಟ್ ಅಂತ ಗೊತ್ತಾಗುತ್ತದೆ. ಆಗ ರಸ್ತೆಯವರೆಲ್ಲ ಸೇರುತ್ತಾರೆ, ಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಅಷ್ಟರಲ್ಲಿ ಒಬ್ಬರು ಕೇಳುತ್ತಾರೆ: ಸೈಟು ಅವರದ್ದು, ಪ್ಲಾನ್ ಮಂಜೂರು ಮಾಡಿದ್ದು ಪಾಲಿಕೆ, ನಡುವೆ ಕೇಳೋಕೆ ನಾವ್ಯಾರು?

ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಉತ್ತರ ಇದೆ. ಐವತ್ತು ವರ್ಷದಿಂದ ಇದೆ. ಅದನ್ನು ದೇಶಕ್ಕೆ ತಂದುಕೊಟ್ಟ ಮುಖ್ಯ ಕೇಸುಗಳು ನಮ್ಮ ಊರುಗಳಿಂದಲೇ ಹೋದವು ಅನ್ನುವುದು ಕನ್ನಡಿಗರಿಗೂ ಜಾಸ್ತಿ ಗೊತ್ತಿಲ್ಲ. ಕೇಳುವ ಹಕ್ಕಿಗಾಗಿ ನಡೆದ ಆ ಹೋರಾಟವನ್ನು ನಿವಾಸಿಗಳು ಗೆದ್ದಾಗಿದೆ. ಇವತ್ತು ಅವರು ಸೋಲುತ್ತಿರುವುದು ಬೇರೆ ಕಡೆ. ಅವರಿಗೆ ಸುದ್ದಿ ತಲುಪುವ ಹೊತ್ತಿಗೆ ಗಡುವು ಮುಗಿದಿರುತ್ತದೆ, ಇಲ್ಲವೇ ಕಟ್ಟಡ ಎದ್ದಿರುತ್ತದೆ.

ಮೊದಲು ಉಡುಪಿಯ ಕೇಸು ನೋಡೋಣ. ಅಲ್ಲಿನ ವಸತಿ ಪ್ರದೇಶವೊಂದರಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಭವನ ಕಟ್ಟಲು ಪುರಸಭೆ ಲೈಸೆನ್ಸ್ ಕೊಟ್ಟಿತ್ತು. ಆಮೇಲೆ ಅದೇ ಜಾಗದಲ್ಲಿ ಸಿನಿಮಾ ಮಂದಿರ ಕಟ್ಟಬಹುದು ಅಂತ ನಿರ್ಣಯ ಮಾಡಿತು. ಆ ಪ್ರದೇಶಕ್ಕೆ ಹಳೇ ಮದ್ರಾಸ್ ಕಾಯ್ದೆಯ ಕೆಳಗೆ ಮಾಡಿದ ನಗರ ಯೋಜನೆಯೊಂದು ಜಾರಿಯಲ್ಲಿತ್ತು. ಅದರ ಪ್ರಕಾರ ಅಲ್ಲಿ ಸಿನಿಮಾ ಮಂದಿರಕ್ಕೆ ಜಾಗವಿರಲಿಲ್ಲ. ಅಲ್ಲಿನ ನಿವಾಸಿಯೊಬ್ಬರು ಹೈಕೋರ್ಟಿಗೆ ಹೋದರು. ಪುರಸಭೆ ತನ್ನ ಅಧಿಕಾರ ಮೀರಿದೆ ಎಂದು ಹೈಕೋರ್ಟ್ ಒಪ್ಪಿತು. ಆದರೆ ಕಟ್ಟುವವರು ಆಗಲೇ ಹಣ ಹಾಕಿದ್ದಾರೆ ಎಂಬ ಕಾರಣಕ್ಕೆ ನಿರ್ಣಯವನ್ನು ರದ್ದು ಮಾಡಲಿಲ್ಲ.

1974ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿ ಹಾಕಿತು. ಸ್ವಂತ ಜಾಗದಲ್ಲಿ ಕಟ್ಟುವ ಹಕ್ಕು ಮಾಲೀಕರಿಗೆ ಇದೆ, ನಿಜ. ಆದರೆ ಊರಿನೊಳಗೆ ಆ ಹಕ್ಕಿಗೆ ಸಮುದಾಯದ ಹಿತಕ್ಕಾಗಿ ಕಟ್ಟುಪಾಡು ಹಾಕಲಾಗಿದೆ. ಯೋಜನೆ ಇರುವುದೇ ಅಲ್ಲಿ ವಾಸಿಸುವವರಿಗಾಗಿ. ಅದನ್ನು ಪುರಸಭೆಯೇ ಮುರಿದರೆ ನಿವಾಸಿಗಳ ಹಕ್ಕಿಗೇ ಪೆಟ್ಟು ಬಿದ್ದಂತೆ, ಆದ್ದರಿಂದ ಅವರು ಕೋರ್ಟಿಗೆ ಬರಬಹುದು. ಸಾರಾಂಶವಾಗಿ ಕೋರ್ಟ್ ಹೇಳಿದ್ದು ಇದು. ಹಣ ಖರ್ಚಾಗಿದೆ ಎಂಬ ವಾದವನ್ನೂ ಅದು ಒಪ್ಪಲಿಲ್ಲ. ಕಾನೂನು ಕೊಡದ ಅಧಿಕಾರವನ್ನು ಬಳಸಿ ಮಾಡಿದ ಕೆಲಸ, ಯಾರು ಸುಮ್ಮನಿದ್ದರೂ, ಎಷ್ಟು ದುಡ್ಡು ಸುರಿದಿದ್ದರೂ, ಸಕ್ರಮವಾಗುವುದಿಲ್ಲ ಎಂದಿತು. ಒಂದು ಸಣ್ಣ ಪಟ್ಟಣದ ಒಬ್ಬ ನಿವಾಸಿ ಹಟ ಬಿಡದೆ ದೆಹಲಿಯವರೆಗೆ ಹೋದದ್ದರಿಂದ ಸಿಕ್ಕ ತೀರ್ಪು ಇದು. ದೇಶದ ಯಾವ ಮೂಲೆಯಲ್ಲಿ ಇಂಥ ಕೇಸು ನಡೆದರೂ ವಕೀಲರು ಇವತ್ತಿಗೂ ಇದನ್ನು ತೆಗೆದು ಓದುತ್ತಾರೆ.

ಎರಡನೆಯದು ಬೆಂಗಳೂರಿನ ಸದಾಶಿವನಗರದ್ದು. ಅಲ್ಲಿನ ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆ ಅಂತ ಒಂದು ಖಾಲಿ ಜಾಗ ಬಿಟ್ಟಿದ್ದರು. ಮುಖ್ಯಮಂತ್ರಿ ಮಟ್ಟದ ಸೂಚನೆಯ ಮೇಲೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅದನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ನರ್ಸಿಂಗ್ ಹೋಂ ಕಟ್ಟಲು ಕೊಟ್ಟಿತು. ನಿವಾಸಿಗಳು ಪ್ರಶ್ನಿಸಿದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಿವಾಸಿಗಳಿಗೆ ಕೇಳುವ ಹಕ್ಕೇ ಇಲ್ಲ, ಅವರ ಸ್ವಂತದ್ದೇನೂ ಹೋಗಿಲ್ಲ ಎಂಬುದು ಅಲ್ಲಿನ ವಾದಗಳಲ್ಲಿ ಒಂದು.

1991ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಈ ವಾದವನ್ನು ತಳ್ಳಿಹಾಕಿದರು. ಬಡಾವಣೆಯ ಗಾಳಿ, ಬೆಳಕು, ಬಯಲು ಕಿತ್ತುಕೊಂಡರೆ ಎಲ್ಲರಿಗಿಂತ ಹೆಚ್ಚು ಹತ್ತಿರದಿಂದ ಪೆಟ್ಟು ತಿನ್ನುವವರು ಅಲ್ಲಿ ಇರುವವರೇ. ಅವರಿಗಲ್ಲದೆ ಇನ್ಯಾರಿಗೆ ಕೇಳುವ ಹಕ್ಕು ಇರಬೇಕು? ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ವಾ ಎಂಬ ವಾದಕ್ಕೂ ಉತ್ತರ ಸಿಕ್ಕಿತು. ಖಾಸಗಿ ನರ್ಸಿಂಗ್ ಹೋಂ ಲಾಭದ ವ್ಯವಹಾರ, ಪಾರ್ಕಿನ ಬದಲಿಗೆ ಅದನ್ನು ಇಡಲಾಗದು ಎಂದರು. ಪಾರ್ಕು, ಆಟದ ಮೈದಾನ ಮತ್ತು ನಾಗರಿಕ ಸೌಕರ್ಯಕ್ಕೆ ಬಿಟ್ಟ ಸಿಎ ಸೈಟುಗಳನ್ನು ಬೇರೆ ಉದ್ದೇಶಕ್ಕೆ ಕೊಟ್ಟರೆ ಆ ಪತ್ರವೇ ಅಸಿಂಧು ಎಂದು ಹೇಳುವ 38ಎ ಕಲಮು 1984ರಲ್ಲೇ ಬಿಡಿಎ ಕಾಯ್ದೆಗೆ ಸೇರಿತ್ತು. ಈ ತೀರ್ಪಿನ ನಂತರ ಅಂಥ ಕಲಮನ್ನು ಹಿಡಿದು ಕೋರ್ಟಿಗೆ ಹೋಗುವ ಧೈರ್ಯ ನಿವಾಸಿಗಳಿಗೆ ಬಂತು.

ಹಾಗಂತ ಯಾರು ಬೇಕಾದರೂ ಹೋಗಬಹುದು ಅಂತಲ್ಲ. 1975ರಲ್ಲಿ ಗುಜರಾತಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು. ಅಲ್ಲಿ ಒಂದು ಟಾಕೀಸಿನ ಮಾಲೀಕರು ಹೊಸ ಟಾಕೀಸಿಗೆ ಕೊಟ್ಟ ಅನುಮತಿಯನ್ನು ಪ್ರಶ್ನಿಸಿದ್ದರು. ವ್ಯಾಪಾರಕ್ಕೆ ಪೈಪೋಟಿ ಬರುತ್ತದೆ ಅನ್ನುವುದು ಕಾನೂನಿನ ಕಣ್ಣಿಗೆ ನೋವಲ್ಲ ಎಂದು ಕೋರ್ಟ್ ಅವರನ್ನು ವಾಪಸ್ ಕಳಿಸಿತು. ಬಿಲ್ಡರುಗಳು ಇವತ್ತು ನಿವಾಸಿಗಳ ಮೇಲೆ ಬಳಸುವುದು ಇದೇ ಗೆರೆಯನ್ನು. ಈ ಸಂಘದ ಹಿಂದೆ ಇನ್ನೊಬ್ಬ ಬಿಲ್ಡರ್ ಇದ್ದಾನೆ, ಇದು ಬ್ಲ್ಯಾಕ್‌ಮೇಲ್, ಸಂಘವೇ ನೋಂದಣಿಯಾಗಿಲ್ಲ ಅಂತ ಮೊದಲ ದಿನವೇ ಆಕ್ಷೇಪ ಹಾಕುತ್ತಾರೆ. ಅದಕ್ಕೇ ಸಂಘದ ಜೊತೆ ಅದೇ ರಸ್ತೆಯ ಒಬ್ಬಿಬ್ಬರು ನಿವಾಸಿಗಳು ಸ್ವಂತ ಹೆಸರಿನಲ್ಲೂ ಅರ್ಜಿದಾರರಾಗುವುದು ಒಳ್ಳೆಯದು. ತಮ್ಮ ಮನೆಗೆ ಆಗುವ ತೊಂದರೆಯನ್ನು ನಿರ್ದಿಷ್ಟವಾಗಿ ಬರೆಯಬೇಕು. ಕಟ್ಟಡದ ಸುತ್ತ ಎಷ್ಟು ಅಡಿ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದಾರೆ, ರಸ್ತೆ ಎಷ್ಟು ಅಗಲ, ಆ ಅಗಲಕ್ಕೆ ನಿಯಮ ಎಷ್ಟು ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಕೊಡುತ್ತದೆ, ಇಷ್ಟೂ ಬೇಕು. ಬಡಾವಣೆಯ ನೆಮ್ಮದಿ ಹಾಳಾಗುತ್ತದೆ ಎಂದು ಬರೆದರೆ ಸಾಲದು.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಈಗ ಕೋರಮಂಗಲಕ್ಕೆ ಬರೋಣ.

ಕೋರಮಂಗಲದಲ್ಲಿ ಬಹುಮಹಡಿ ಅಪಾರ್ಟ್‌ಮೆಂಟಿಗೆ ಕೊಟ್ಟ ಲೈಸೆನ್ಸನ್ನು ಅಲ್ಲಿನ ನಿವಾಸಿಗಳ ಜಾಗೃತ ಗುಂಪು ಪ್ರಶ್ನಿಸಿತ್ತು. ಹೈಕೋರ್ಟಿನಲ್ಲಿ ಗೆದ್ದಿತು. 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಅಲ್ಲಿ ಬಹುಮಹಡಿ ಕಟ್ಟಡಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ ಎಂದದ್ದು ಒಂದು ಕಾರಣ. ಅದಕ್ಕಿಂತ ದೂರ ಹೋಗುವ ಕಾರಣ ಇನ್ನೊಂದು: ನೀವು ತಡವಾಗಿ ಬಂದಿದ್ದೀರಿ. ಕಟ್ಟಡದ ಕೆಲಸ ನಡೆದಿದೆ, ಬೇರೆಯವರ ಹಕ್ಕುಗಳು ಅದರಲ್ಲಿ ಸೇರಿಕೊಂಡಿವೆ, ಈಗ ಅದನ್ನು ಅಲ್ಲಾಡಿಸಲಾಗದು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಹಳ ಎಚ್ಚರದಿಂದ ಬಳಸಬೇಕು ಎಂಬ ಮಾತೂ ಬಂತು.

ಉಡುಪಿ ತೀರ್ಪನ್ನೂ ಕೋರಮಂಗಲ ತೀರ್ಪನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಹಣ ಸುರಿದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು ಎಂದು ಒಂದು ಹೇಳುತ್ತದೆ. ಕಟ್ಟಡ ಎದ್ದ ಮೇಲೆ ಬಂದರೆ ಕೇಳುವುದಿಲ್ಲ ಎಂದು ಇನ್ನೊಂದು ಹೇಳುತ್ತದೆ. ಕಾನೂನಿನ ಪುಸ್ತಕದಲ್ಲಿ ಎರಡಕ್ಕೂ ಹೊಂದಾಣಿಕೆ ಮಾಡಬಹುದು. ಒಂದರಲ್ಲಿ ಅಕ್ರಮ ಸಾಬೀತಾಗಿತ್ತು, ಇನ್ನೊಂದರಲ್ಲಿ ಆಗಲಿಲ್ಲ ಎನ್ನಬಹುದು. ಆದರೆ ಸೈಟಿನ ಪಕ್ಕದಲ್ಲಿ ಬದುಕುವವರಿಗೆ ಇದರಿಂದ ಆಗುವುದೇನು? ಸರ್ಕಾರಿ ಆದೇಶವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಗೆ ಇಷ್ಟೇ ದಿನ ಅಂತ ಗಡುವಿಲ್ಲ. ತಡವಾಯಿತೋ ಇಲ್ಲವೋ ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕಟ್ಟುವವರು ಎಷ್ಟು ಬೇಗ ಮಹಡಿ ಏರಿಸುತ್ತಾರೋ ಅಷ್ಟು ಅವರ ವಾದ ಗಟ್ಟಿಯಾಗುತ್ತದೆ. ಹಬ್ಬದ ರಜೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಲಾರಿಗಟ್ಟಲೆ ಕಾಂಕ್ರೀಟ್ ಬಂದು ಬೀಳುವುದು ಸುಮ್ನೆ ಅಲ್ಲ.

ನಿವಾಸಿಗಳಿಗೆ ಮೊದಲೇ ತಿಳಿಯುವ ದಾರಿ ಇದೆಯೇ? ಹೆಚ್ಚು ಕಮ್ಮಿ ಇಲ್ಲ. ಕರ್ನಾಟಕದಲ್ಲಿ ಕಟ್ಟಡದ ನಕ್ಷೆ ಮಂಜೂರು ಮಾಡುವ ಮುಂಚೆ ಪಕ್ಕದವರಿಗೆ ನೋಟಿಸ್ ಕೊಡುವ ಪದ್ಧತಿಯೇ ಇಲ್ಲ. ಅರ್ಜಿ ಹಾಕಿದವರು ಮತ್ತು ಕಚೇರಿ, ಇಬ್ಬರ ನಡುವೆ ಎಲ್ಲ ಮುಗಿದುಹೋಗುತ್ತದೆ.

ಜಾಗದ ಬಳಕೆಯನ್ನೇ ಬದಲಾಯಿಸುವುದಾದರೆ ಮಾತ್ರ ನೋಟಿಸ್ ಬೇಕು. ಕೃಷಿಯಿಂದ ವಸತಿಗೆ, ವಸತಿಯಿಂದ ವಾಣಿಜ್ಯಕ್ಕೆ ಹೋಗುವಂಥದ್ದು ಇದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನ ಪ್ರಕಾರ, ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ಮಾಸ್ಟರ್ ಪ್ಲಾನಿನಲ್ಲಿ ಇಂಥ ಬದಲಾವಣೆ ಮಾಡಲು ಸರ್ಕಾರದ ಒಪ್ಪಿಗೆ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು. ಪ್ರಸ್ತಾಪವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಪತ್ರಿಕೆಯ ಒಳಪುಟದ ಆ ಸಣ್ಣ ಅಕ್ಷರಗಳಲ್ಲಿ ಇರುವುದು ಗ್ರಾಮದ ಹೆಸರು, ಸರ್ವೆ ನಂಬರು. ತನ್ನ ಮನೆಯ ಹಿಂದಿನ ಜಾಗದ ಸರ್ವೆ ನಂಬರು ಎಷ್ಟು ಜನಕ್ಕೆ ಗೊತ್ತಿದೆ?

ಇನ್ನೊಂದು ಲೆಕ್ಕ ಹಾಕಿ. ಆಕ್ಷೇಪಣೆ ಸರಿಯಾಗಿ ಬರೆಯಬೇಕಾದರೆ ಕಡತ ನೋಡಬೇಕು. ಕಡತ ಕೇಳಲು ಆರ್‌ಟಿಐ ಇದೆ. ಆರ್‌ಟಿಐ ಕಾಯ್ದೆ ಉತ್ತರಕ್ಕೆ 30 ದಿನ ಕೊಡುತ್ತದೆ. ನೋಟಿಸು ಕನಿಷ್ಠ ಅವಧಿಯದ್ದಾದರೆ ಆಕ್ಷೇಪಣೆಗೆ ಇರುವುದು 15 ದಿನ. ಅಧಿಕಾರಿ ಕಾನೂನಿನ ಪ್ರಕಾರ ಸರಿಯಾದ ಸಮಯಕ್ಕೇ ಉತ್ತರ ಕೊಟ್ಟರೂ ಅದು ಕೈಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಇದರಲ್ಲಿ ಯಾರೂ ಕಾನೂನು ಮುರಿಯಬೇಕಾಗಿಲ್ಲ. ಎರಡು ಕಾಯ್ದೆಗಳು ಒಂದರ ಮುಖ ಒಂದು ನೋಡಿಲ್ಲ, ಅಷ್ಟೇ. ಈ ವಿಷಯ ನನ್ನನ್ನು ತುಂಬಾ ಕಾಡುತ್ತದೆ, ಯಾಕೆಂದರೆ ಇದನ್ನು ಸರಿ ಮಾಡುವುದು ಅಷ್ಟು ಸುಲಭ.

ದೊಡ್ಡ ಪ್ರಾಜೆಕ್ಟುಗಳಲ್ಲಿ ಪರಿಸ್ಥಿತಿ ಉತ್ತಮವಾಗಿರಬೇಕಿತ್ತು. 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ 2006ರ ಪರಿಸರ ಪರಿಣಾಮ ಅಧ್ಯಯನದ (ಇಐಎ) ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಗಣಿಗೆ, ಕಾರ್ಖಾನೆಗೆ ಇಂಥ ಅನುಮತಿ ಕೊಡುವ ಮುಂಚೆ ಊರಲ್ಲಿ ಸಾರ್ವಜನಿಕ ಸಭೆ ನಡೆಯುತ್ತದೆ. ಕಟ್ಟಡ ಮತ್ತು ಟೌನ್‌ಶಿಪ್‌ಗಳನ್ನು ಮಾತ್ರ ಆ ಸಭೆಯಿಂದ ಹೊರಗಿಟ್ಟಿದ್ದಾರೆ. ಅಂದರೆ ಸಾವಿರ ಫ್ಲ್ಯಾಟ್ ಬಂದರೂ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಅಂತ ಸುತ್ತಲಿನ ಜನ ಎದ್ದು ನಿಂತು ಕೇಳುವ ಒಂದು ವೇದಿಕೆಯೂ ಇಲ್ಲ. ಅನುಮತಿ ಸಿಕ್ಕ ಮೇಲೆ ಪರಿಸರದ ಕೇಸುಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅಲ್ಲಿ ಗಡುವು 30 ದಿನ, ಸಕಾರಣ ಇದ್ದರೆ ಇನ್ನು 60 ದಿನ. ಅದನ್ನೂ ದಾಟಿದರೆ ಮೇಲ್ಮನವಿಯ ದಾರಿ ಮುಚ್ಚಿತು.

ಹಸಿರು ನ್ಯಾಯಮಂಡಳಿಯಲ್ಲಿ ಕೇಳುವ ಹಕ್ಕು ಮಾತ್ರ ವಿಶಾಲವಾಗಿದೆ. ಬೆಂಗಳೂರಿನ ಅಗರ ಕೆರೆ ಬಳಿಯ ದೊಡ್ಡ ನಿರ್ಮಾಣಗಳ ವಿರುದ್ಧ ನಾಗರಿಕ ಸಂಸ್ಥೆಗಳು ಹೋದಾಗ ಅದು ಕಂಡಿತು. ತಡವಾಗಿದೆ ಎಂಬ ಆಕ್ಷೇಪವನ್ನು ದಾಟಿ ನ್ಯಾಯಮಂಡಳಿ 2015ರಲ್ಲಿ ಕೇಸು ಕೇಳಿತು, ಭಾರೀ ದಂಡ ಹಾಕಿತು. 2016ರಲ್ಲಿ ಬೆಂಗಳೂರಿನ ಕೆರೆಗಳ ಸುತ್ತ ಏನೂ ಕಟ್ಟದ 75 ಮೀಟರ್ ಬಫರ್ ಬಿಡಬೇಕು ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಬಫರ್ ಆದೇಶವನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನಿನಲ್ಲಿ ಇರುವ ಅಳತೆಯನ್ನು ನ್ಯಾಯಮಂಡಳಿ ತಿದ್ದಲಾಗದು, ಕೆರೆಗೆ 30 ಮೀಟರೇ ಎಂದಿತು. ಅಂದರೆ ಕೇಳುವ ಹಕ್ಕು ಪ್ಲಾನಿನಲ್ಲಿ ಏನು ಬರೆದಿದೆಯೋ ಅದನ್ನು ಜಾರಿ ಮಾಡಿಸುವುದಕ್ಕೆ ಬರುತ್ತದೆ. ಪ್ಲಾನೇ ಸಾಲದು ಅನ್ನುವುದಕ್ಕೆ ಕೋರ್ಟು ಜಾಗವಲ್ಲ.

ಗೆದ್ದರೂ ಎಷ್ಟು ಕಾಲ ಬೇಕು ಅನ್ನುವುದಕ್ಕೆ ನೋಯ್ಡಾದ ಸೂಪರ್‌ಟೆಕ್ ಅವಳಿ ಗೋಪುರಗಳನ್ನು ನೋಡಿ. ಅಲ್ಲಿನ ನಿವಾಸಿಗಳ ಸಂಘ ಕೋರ್ಟಿಗೆ ಹೋದದ್ದು 2012ರಲ್ಲಿ. ಅಲಹಾಬಾದ್ ಹೈಕೋರ್ಟ್ 2014ರಲ್ಲಿ ಕೆಡವಲು ಹೇಳಿತು. ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಅದನ್ನು ಎತ್ತಿಹಿಡಿಯಿತು, ಸಂಘಕ್ಕೆ 2 ಕೋಟಿ ರೂಪಾಯಿ ಖರ್ಚು ಕೊಡಿ ಎಂದಿತು. ಗೋಪುರ ಉರುಳಿದ್ದು 2022ರ ಆಗಸ್ಟ್ 28ಕ್ಕೆ. ಟಿವಿಯಲ್ಲಿ ದೇಶವೇ ನೋಡಿತು. ಆ ಹತ್ತು ವರ್ಷ ಸಂಘವನ್ನು ಒಡೆಯದಂತೆ ಹಿಡಿದಿಟ್ಟು, ವಕೀಲರ ಫೀಸಿಗೆ ಚಂದಾ ಎತ್ತಿದ್ದನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ. ಎಲ್ಲ ರಸ್ತೆಗೂ ಅಂಥ ಸಂಘ ಇರುವುದಿಲ್ಲ.

ನಮ್ಮಲ್ಲಿ ಇದರ ಮೇಲೆ ಅಕ್ರಮ ಸಕ್ರಮದ ನೆರಳೂ ಇದೆ. ವಸತಿ ಕಟ್ಟಡದಲ್ಲಿ 50 ಶೇಕಡಾವರೆಗೆ, ವಾಣಿಜ್ಯ ಕಟ್ಟಡದಲ್ಲಿ 25 ಶೇಕಡಾವರೆಗೆ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಯೋಜನೆ ಅದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಒಪ್ಪಿಗೆ ಕೊಟ್ಟಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೆ ಮುಂದೆ ಒಂದು ದಿನ ಸಕ್ರಮ ಆಗೇ ಆಗುತ್ತದೆ ಎಂಬ ನಂಬಿಕೆ ಕಟ್ಟುವವರಲ್ಲಿ ಉಳಿದಿದೆ. ನಿವಾಸಿಯ ಹಕ್ಕಿನ ಬೆಲೆ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಈಗ ಇನ್ನೊಂದು ಕಡೆಯನ್ನೂ ಹೇಳಬೇಕು. ಇದನ್ನು ಬಿಟ್ಟರೆ ಲೇಖನ ಪ್ರಾಮಾಣಿಕವಾಗದು. ಕೋರ್ಟಿಗೆ ಬರುವವರು ಈಗಾಗಲೇ ಅಲ್ಲಿ ಮನೆ ಇರುವವರು. ಆ ಕಟ್ಟಡದಲ್ಲಿ ಮುಂದೆ ಬಾಡಿಗೆಗೆ ಬರುವ ನರ್ಸ್, ಸಾಲ ಮಾಡಿ ಎರಡು ರೂಮಿನ ಫ್ಲ್ಯಾಟ್ ಕೊಳ್ಳುವ ಮೇಷ್ಟ್ರು ಕೋರ್ಟಿನಲ್ಲಿ ಇರುವುದಿಲ್ಲ. ಅವರ ಪರವಾಗಿ ಮಾತಾಡುವವರು ಬಿಲ್ಡರ್ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ಎಲ್ಲಿಗೆ ಹೋಯಿತು ಗೊತ್ತೇ? ಬರ್ಕ್‌ಲಿಯಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟಡವನ್ನು ಅಕ್ಕಪಕ್ಕದವರು ಪರಿಸರ ಕಾನೂನಿನ ಕೆಳಗೆ ಪ್ರಶ್ನಿಸಿದರು. ವಿದ್ಯಾರ್ಥಿಗಳು ಮಾಡುವ ಗಲಾಟೆಯನ್ನೂ ಪರಿಸರದ ಹಾನಿಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು ಎಂದು ಮೇಲ್ಮನವಿ ಕೋರ್ಟ್ 2023ರಲ್ಲಿ ಹೇಳಿತು. ಅದೇ ವರ್ಷ ಶಾಸನಸಭೆ ಕಾನೂನನ್ನೇ ಬದಲಾಯಿಸಿತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ನಮ್ಮಲ್ಲೂ ನಿವಾಸಿ ಅಂದರೆ ಯಾರು ಎಂಬ ಪ್ರಶ್ನೆ ಇದೆ. ಕೋರಮಂಗಲದ ಸೈಟುದಾರರ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರ ಪಕ್ಕದ ಈಜಿಪುರದ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್ ಜಾಗದಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳನ್ನು ಎಬ್ಬಿಸಿದರು. ಆ ಜಾಗ ಖಾಸಗಿ ಸಹಭಾಗಿತ್ವದ ಯೋಜನೆಗೆ ಹೋಗುವುದಿತ್ತು. ಅವರೂ ಅಲ್ಲಿನ ನಿವಾಸಿಗಳೇ. ಕಾನೂನಿನ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಹಕ್ಕು. ಆದರೆ ತೆರಿಗೆ ರಸೀದಿ, ಖಾತಾ, ನೋಂದಾಯಿತ ಸಂಘ ಇರುವವರಿಗೆ ಅದು ದಕ್ಕುವಂತೆ ಇಲ್ಲದವರಿಗೆ ದಕ್ಕುವುದಿಲ್ಲ.

ಹಾಗಾದರೆ ನಿವಾಸಿಗಳ ಹಕ್ಕನ್ನೇ ಕಿರಿದು ಮಾಡೋಣವೇ? ಬೇಡ ಅಂತಲೇ ನಾನು ಹೇಳುತ್ತೇನೆ. ತಡವಾಗಿ ಬರುವ ಕೇಸು ಎಲ್ಲರಿಗೂ ನಷ್ಟ. ಅರ್ಧ ಕಟ್ಟಿದ ಮೇಲೆ ಸ್ಟೇ ಬಂದರೆ ಮುಂಗಡ ಕೊಟ್ಟ ಕುಟುಂಬಗಳು ಬಾಡಿಗೆ, ಕಂತು ಎರಡನ್ನೂ ಕಟ್ಟುತ್ತಾ ಕೂರುತ್ತವೆ. ಪಾಯ ತೋಡುವ ಮುಂಚೆಯೇ ಜಗಳ ಮುಗಿದರೆ ಮನೆ ಬೇಕಾದವರಿಗೂ ಒಳ್ಳೆಯದು, ಅಕ್ಕಪಕ್ಕದವರಿಗೂ ಒಳ್ಳೆಯದು. ಅದಕ್ಕೆ ಬೇಕಾದದ್ದು ಮೊದಲೇ ಕೊಡುವ ನೋಟಿಸ್.

ಇದಕ್ಕೆ ತತ್ವವನ್ನು ಹೊರಗಿನಿಂದ ತರಬೇಕಾಗಿಲ್ಲ. 1987ರಲ್ಲಿ ಅದೇ ರಾಜಮಹಲ್ ವಿಲಾಸ್ ಬಡಾವಣೆಯ ಬಹುಮಹಡಿ ಕಟ್ಟಡಗಳ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಗ ಮಾತು ತಿರುಗಾಮುರುಗಾ ಆಗಿತ್ತು. ಯೋಜನೆಯ ನಿಯಮಗಳನ್ನು ಸರಿಯಾಗಿ ಪ್ರಕಟಿಸಿಲ್ಲ, ಹಾಗಾಗಿ ಅವು ನಮಗೆ ಅನ್ವಯಿಸುವುದಿಲ್ಲ ಎಂದು ವಾದಿಸಿದವರು ಕಟ್ಟಡ ಕಟ್ಟಿದವರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ತತ್ವವನ್ನು ಒಪ್ಪಿದರು. ಕಚೇರಿಯೊಳಗೆ ಹುಟ್ಟುವ ನಿಯಮ ಜನರನ್ನು ಕಟ್ಟಿಹಾಕಬೇಕಾದರೆ ಅದು ಜನರಿಗೆ ತಿಳಿಯುವಂತೆ ಪ್ರಕಟವಾಗಲೇಬೇಕು ಎಂದರು. ಆ ಕೇಸಿನಲ್ಲಿ ಸಾಕಷ್ಟು ಪ್ರಕಟಣೆ ಆಗಿದೆ ಎಂದು ಕಟ್ಟಡದವರ ವಾದ ಬಿತ್ತು. ತಿಳಿಸದೆ ಕಟ್ಟಿಹಾಕಬಾರದು ಎಂಬ ನ್ಯಾಯ ಬಿಲ್ಡರಿಗೆ ಸಲ್ಲುವುದಾದರೆ ಪಕ್ಕದ ಮನೆಯವರಿಗೂ ಸಲ್ಲಬೇಕು. ಮಂಜೂರಾತಿಯನ್ನು ಯಾರಿಗೂ ಹೇಳದೆ ಇಟ್ಟುಕೊಂಡು, ಆಮೇಲೆ ತಡವಾಗಿ ಬಂದಿರಿ ಎನ್ನುವುದು ಸರಿಯಲ್ಲ.

2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಅರ್ಧ ದಾರಿ ಬಂದಿದೆ. ಮಂಜೂರಾದ ನಕ್ಷೆಯನ್ನು ಕೆಲಸ ಮುಗಿಯುವವರೆಗೂ ಸೈಟಿನಲ್ಲಿ ತೂಗುಹಾಕಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಿ ದಾಖಲೆ ಇಡಬೇಕು ಎಂದಿದೆ. ಇದು ದೇಶಕ್ಕೆಲ್ಲ ಅನ್ವಯ. ನಿಮ್ಮ ರಸ್ತೆಯಲ್ಲಿ ಶೀಟು ಎದ್ದ ದಿನವೇ ಹೋಗಿ ಆ ನಕ್ಷೆ ಎಲ್ಲಿ ಅಂತ ಕೇಳಿ. ಇಲ್ಲದಿದ್ದರೆ ಇಲ್ಲ ಎಂದು ಅದೇ ದಿನ ಪಾಲಿಕೆಗೆ ಬರೆದು ಸ್ವೀಕೃತಿ ಪಡೆಯಿರಿ. ಆ ತಾರೀಕಿನ ಕಾಗದ, ನಾಳೆ ನೀವು ತಡವಾಗಿ ಬಂದಿಲ್ಲ ಎನ್ನುವುದಕ್ಕೆ ಸಾಕ್ಷಿ.

ಉಳಿದ ಅರ್ಧ ರಾಜ್ಯ ಸರ್ಕಾರದ ಕೈಯಲ್ಲಿದೆ. ಮಂಜೂರಾತಿಗೆ ಅರ್ಜಿ ಬಂದ ಕೂಡಲೇ ಸೈಟಿನ ಮುಂದೆ ಬೋರ್ಡ್ ಹಾಕಿಸಲಿ. ನಕ್ಷೆ ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣಲಿ. 14ಎ ಕಲಮಿನ ಗಡುವು ಆರ್‌ಟಿಐ ಗಡುವಿಗಿಂತ ಉದ್ದವಾಗಲಿ. ಬಾಡಿಗೆಯವರೂ ಗುಡಿಸಲಿನವರೂ ಆಕ್ಷೇಪಣೆ ಹಾಕಬಹುದು ಎಂದು ನಿಯಮದಲ್ಲೇ ಸ್ಪಷ್ಟವಾಗಿ ಬರೆಯಲಿ. ಅದರ ಬದಲಿಗೆ, ನೋಟಿಸ್ ಸಿಕ್ಕಿಯೂ ಗಡುವಿನೊಳಗೆ ಬಾಯಿ ಬಿಡದವರು ಆಮೇಲೆ ಕಟ್ಟಡ ನಿಲ್ಲಿಸುವಂತಿಲ್ಲ ಎಂದರೂ ನನ್ನ ತಕರಾರಿಲ್ಲ.

2023ರ ಜನವರಿಯಲ್ಲಿ ಚಂಡೀಗಢದ ನಿವಾಸಿಗಳ ಸಂಘವೊಂದರ ಕೇಸಿನಲ್ಲಿ ನ್ಯಾಯಮೂರ್ತಿಗಳಾದ ಗವಾಯಿ ಮತ್ತು ನಾಗರತ್ನ ಹಳೇ ಸೆಕ್ಟರುಗಳ ಒಂಟಿ ಮನೆಗಳನ್ನು ಅಪಾರ್ಟ್‌ಮೆಂಟ್ ಮಾಡುವುದನ್ನು ತಡೆದರು. ಆ ತೀರ್ಪಿನಲ್ಲಿ ಎಚ್ಚರಿಕೆಯ ಉದಾಹರಣೆಯಾಗಿ ಬಂದದ್ದು ಬೆಂಗಳೂರು. ಆ ಬೆಂಗಳೂರು ಇವತ್ತಿಗೂ 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆ ಅಂತ ಮಾಡಿದ ಮಾಸ್ಟರ್ ಪ್ಲಾನಿನ ಮೇಲೆ ನಡೆಯುತ್ತಿದೆ. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಹೊಸ ಪ್ಲಾನಿನ ಕರಡು ಬಂದಾಗ ಆಕ್ಷೇಪಣೆಗೆ ಮತ್ತೆ ಕೆಲವು ವಾರ ಸಿಗುತ್ತದೆ. ಪ್ಲಾನಿನ ನಕ್ಷೆಯಲ್ಲಿ ಒಂದೊಂದು ಬಳಕೆಗೆ ಒಂದೊಂದು ಬಣ್ಣ; ನಿಮ್ಮ ರಸ್ತೆ ಯಾವ ಬಣ್ಣದಲ್ಲಿದೆ, ಎಷ್ಟು ಎಫ್‌ಎಆರ್ ಬರೆದಿದ್ದಾರೆ ಅಂತ ಆಗಲೇ ನೋಡಿಕೊಳ್ಳಿ. ಆ ಬಣ್ಣ ಒಮ್ಮೆ ಅಂತಿಮವಾಯಿತೆಂದರೆ, ಅದರ ಪ್ರಕಾರವೇ ಏಳುವ ಕಟ್ಟಡವನ್ನು ಉಡುಪಿ ತೀರ್ಪಾಗಲಿ ಸದಾಶಿವನಗರದ ತೀರ್ಪಾಗಲಿ ತಡೆಯುವುದಿಲ್ಲ.